ಕ್ಯಾಂಡಿಡೇಟ್ಸ್ ಟೂರ್ನಿ: ನ್ಯಾಯದ ಲೆಕ್ಕಾಚಾರ

ವಿಶ್ವ ಚೆಸ್ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯ ಇತಿಹಾಸವನ್ನು ಗಮನಿಸಿದರೆ, ಎಲ್ಲರಿಗೂ ಒಪ್ಪಿಗೆಯಾಗುವ ಸ್ಪರ್ಧಾಕ್ರಮವನ್ನು ರೂಪಿಸುವುದು ಎಷ್ಟು ಕಷ್ಟವೆಂಬುದು ಮನದಟ್ಟಾಗುತ್ತದೆ. 1962ರಲ್ಲಿ ಕುರಸಾವ್ ದ್ವೀಪದಲ್ಲಿ, ಪ್ರತಿಯೊಬ್ಬರೂ ಉಳಿದವರೊಡನೆ ನಾಲ್ಕು ಸಲ ಸೆಣಸಬೇಕಿದ್ದ ಟೂರ್ನಿಯಲ್ಲಿ, ಸೋವಿಯತ್ ಒಕ್ಕೂಟದ ಪೆಟ್ರೋಸಿಯನ್, ಕೆರೆಸ್ ಮತ್ತು ಗೆಲ್ಲರ್ ತಮ್ಮೊಳಗಿನ 12 ಆಟಗಳನ್ನೂ ಡ್ರಾ ಮಾಡಿಕೊಂಡರು. ಇದು ಒಳಒಪ್ಪಂದವೆಂದು ಅಮೆರಿಕದ ಆಟಗಾರ ಬಾಬಿ ಫಿಶರ್ ಬಹಿರಂಗವಾಗಿ ದೂರಿದ ಮೇಲೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ನಾಕೌಟ್ ಪಂದ್ಯಗಳ ಮೊರೆಹೋಯಿತು.

ಅದರಲ್ಲೂ ಕೊರತೆಗಳಿದ್ದವು. 2011ರಲ್ಲಿ ಕಜಾನ್‌ನಲ್ಲಿ ಮೊದಲೆರಡು ಸುತ್ತುಗಳ ಪಂದ್ಯಗಳಿಗೆ ನಾಲ್ಕೇ ಕ್ಲಾಸಿಕಲ್ (ದೀರ್ಘ ಸಮಯದ) ಆಟಗಳಿದ್ದುದರಿಂದ, ರಷ್ಯಾದ ಗ್ರಿಶ್ಚುಕ್ ಅವುಗಳಲ್ಲಿ ಒಂದನ್ನೂ ಗೆಲ್ಲದೆ ಸಮಬಲವಾದಾಗ ಆಡುವ ವೇಗದ ಟೈಬ್ರೇಕ್‌ಗಳ ಬಲದಿಂದಲೇ ಫೈನಲ್ ತಲುಪಿದರು. ಅವರನ್ನು ದೂಷಿಸಲಾರೆ, ನಿಯಮವೇ ಆ ದಾರಿಯನ್ನು ತೆರೆದಿಟ್ಟಿತ್ತು.

2013ರಿಂದ ಎಂಟು ಜನರ ಡಬಲ್ ರೌಂಡ್ ರಾಬಿನ್, ಅಂದರೆ ಪ್ರತಿಯೊಬ್ಬರೂ ಉಳಿದವರೊಡನೆ ಎರಡು ಸಲ ಆಡುವ ಕ್ರಮ, ಮರಳಿ ಬಂದಿದೆ. ಕೊನೆಯ ಹಂತದಲ್ಲಿ ಸ್ವದೇಶದವನಿಗೆ ಅಂಕ ಬಿಟ್ಟುಕೊಡುವ ಆಮಿಷ ಹುಟ್ಟದಿರಲೆಂದು, ಒಂದೇ ದೇಶದವರನ್ನು ಆರಂಭದಲ್ಲೇ ಎದುರುಬದುರು ಕೂರಿಸುತ್ತಾರೆ. 2024ರಲ್ಲಿ ಟೊರಾಂಟೊದಲ್ಲಿ ಭಾರತದ ಗುಕೇಶ್ ಮತ್ತು ವಿದಿತ್ ಮೊದಲ ಸುತ್ತಿನಲ್ಲೇ ಆಡಿದ್ದು ಹೀಗೆ. ನನ್ನ ಮಟ್ಟಿಗೆ, ಸ್ವರೂಪವನ್ನೇ ಬದಲಿಸಿದ ದೊಡ್ಡ ಸುಧಾರಣೆಗಳಿಗಿಂತ ಈ ಸಣ್ಣ ನಿಯಮವೇ ಹೆಚ್ಚು ಜಾಣತನದ್ದು. ಆದರೆ ಗೆಲುವಿನ ಆಸೆ ಕಳೆದುಕೊಂಡವನು ಕೊನೆಯ ಸುತ್ತುಗಳಲ್ಲಿ ಉದಾಸೀನನಾಗಿ ಆಡುವುದನ್ನು ಅದು ತಡೆಯಲಾರದು.