ಗೊರಬು, ಬಿದಿರು, ಸೀತಾಳೆದಂಡೆ: ನಮ್ಮೂರಿನ ವಸ್ತುಸಂಗ್ರಹಾಲಯದಲ್ಲಿ ಈ ಮಳೆಗಾಲದ ಕೆಲಸ

ಮೂಡಿಗೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ, ಮಕ್ಕಳಿಲ್ಲದೆ ಮುಚ್ಚಿಹೋಗಿದ್ದ ಶಾಲೆಯ ಕೊಠಡಿಗಳನ್ನು ಗ್ರಾಮಸ್ಥರೇ ಸೇರಿ ವಸ್ತುಸಂಗ್ರಹಾಲಯವನ್ನಾಗಿಯೂ ಅದರ ಹಿಂದಿನ ಇಳಿಜಾರನ್ನು ಸಸ್ಯತೋಟವನ್ನಾಗಿಯೂ ಮಾಡಿಕೊಂಡಿದ್ದಾರೆ. ಅಲ್ಲಿ ಸ್ವಯಂಸೇವಕಿಯಾಗಿರುವ ನನಗೆ ಈ ಮಳೆಗಾಲದಲ್ಲಿ ವಹಿಸಿದ ಕೆಲಸ ಎರಡು: ಒಳಗಿನ ವಸ್ತುಗಳಿಗೆ ದಾಖಲಾತಿ ಪುಸ್ತಕ ಸಿದ್ಧಪಡಿಸುವುದು, ಹೊರಗಿನ ಗಿಡಗಳಿಗೆ ಫಲಕ ಬರೆಯುವುದು. ಕೆಲಸ ಸಾಗಿದಂತೆ, ಇವೆರಡನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಇಡುವುದು ಸರಿಯಲ್ಲ ಎಂಬ ತೀರ್ಮಾನಕ್ಕೆ ಬಂದೆವು. ಮೊರ ಯಾವ ಬಿದಿರಿನದು, ನೊಗ ಯಾವ ಮರದ್ದು ಎಂಬುದನ್ನು ಬರೆಯದ ದಾಖಲೆ ಅರ್ಧ ದಾಖಲೆಯೇ ಸರಿ.

ಜೂನ್ ತಿಂಗಳು ಬಹುಪಾಲು ಸಂಖ್ಯೆ ಕೊಡುವುದರಲ್ಲಿ ಕಳೆಯಿತು. ವಸ್ತು ಬಂದ ವರ್ಷ, ಆ ವರ್ಷ ಬಂದ ದಾನಗಳಲ್ಲಿ ಅದು ಎಷ್ಟನೆಯದು, ಆ ದಾನದೊಳಗೆ ವಸ್ತುವಿನ ಕ್ರಮಾಂಕ ಎಂಬ ಮೂರು ಭಾಗಗಳ ಪದ್ಧತಿಯನ್ನು ಅನುಸರಿಸಿದ್ದೇವೆ. ಸಂಖ್ಯೆಯನ್ನು ನೇರವಾಗಿ ಮರದ ಮೇಲಾಗಲಿ ಲೋಹದ ಮೇಲಾಗಲಿ ಬರೆಯುವುದಿಲ್ಲ. ಕಣ್ಣಿಗೆ ಬೀಳದ ಮೂಲೆಯಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ತೆಳು ಲೇಪ ಹಚ್ಚಿ, ಅದು ಒಣಗಿದ ಬಳಿಕ ಶಾಯಿಯಲ್ಲಿ ಬರೆದು, ಮೇಲೊಂದು ಲೇಪ ಕೊಡುತ್ತೇವೆ. ಅಸಿಟೋನ್ ತಾಗಿಸಿದರೆ ಈ ಲೇಪ ಕರಗಿ, ವಸ್ತು ಮೊದಲಿನಂತೆಯೇ ಉಳಿಯುತ್ತದೆ. ಸೇರು, ಪಾವು, ಕೊಳಗಗಳಿಗೆ ಸಂಖ್ಯೆ ಬಿದ್ದಿದೆ. ತಾಮ್ರದ ಹಂಡೆಗಳನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ಉಜ್ಜಬೇಕೆಂದು ಹಲವರು ಒತ್ತಾಯಿಸಿದರೂ ನಾನು ಒಪ್ಪಲಿಲ್ಲ. ಹುಳಿ ಹಚ್ಚಿ ಉಜ್ಜಿದಾಗಲೆಲ್ಲ ಲೋಹದ ಮೇಲ್ಪದರ ಸವೆಯುತ್ತದೆ. ಹಂಡೆಯ ತಳದ ಮಸಿ, ಕಂಠದ ತಗ್ಗು, ಬೆಸುಗೆಯ ಗುರುತು, ಇವೇ ಅದು ಎಷ್ಟು ವರ್ಷ ಒಲೆಯ ಮೇಲಿತ್ತೆಂಬುದಕ್ಕೆ ಸಾಕ್ಷಿ.

ಜುಲೈನಲ್ಲಿ ಬಿದಿರಿನ ವಸ್ತುಗಳ ಸರದಿ ಬಂತು. ಎರಡು ಬುಟ್ಟಿಗಳ ಕೆಳಗೆ ಸಣ್ಣ ರಾಗಿಹಿಟ್ಟಿನಂಥ ಪುಡಿ ಉದುರಿತ್ತು, ಅಂದರೆ ಕುಟ್ಟೆ ಹಿಡಿದಿತ್ತು. ಬಿದಿರಿನೊಳಗಿನ ಪಿಷ್ಟವೇ ಈ ಹುಳುವಿನ ಆಹಾರ. ಹಿಂದಿನವರು ಕಡಿದ ಬಿದಿರನ್ನು ವಾರಗಟ್ಟಲೆ ನೀರಿನಲ್ಲಿ ಮುಳುಗಿಸಿಡುತ್ತಿದ್ದುದು ಆ ಪಿಷ್ಟ ತೊಳೆದುಹೋಗಲೆಂದೇ. ಔಷಧಿ ಸಿಂಪಡಿಸುವ ಬದಲು, ಬುಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಪರಿಚಿತರ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ತಾಪಮಾನದಲ್ಲಿ ಒಂದು ವಾರಕ್ಕೂ ಹೆಚ್ಚು ಕಾಲ ಇರಿಸಿದೆವು. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬಾರದು. ಬಿಚ್ಚಿದರೆ ನಮ್ಮ ಆಷಾಢದ ಹವೆಯ ತೇವವೆಲ್ಲ ತಣ್ಣನೆಯ ಬಿದಿರಿನ ಮೇಲೆ ನೀರಾಗಿ ಕೂರುತ್ತದೆ. ಈಗ ಬುಟ್ಟಿಗಳನ್ನು ಕಪ್ಪು ಕಾಗದದ ಮೇಲೆ ಇಟ್ಟಿದ್ದೇವೆ, ಹೊಸ ಪುಡಿ ಬಿದ್ದರೆ ತಕ್ಷಣ ಕಾಣಲೆಂದು. ಇದುವರೆಗೆ ಬಿದ್ದಿಲ್ಲ.

ಈ ಅವಧಿಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಗೊರಬಿನ ಪ್ರದರ್ಶನ. ಬಿದಿರಿನ ಸೀಳುಗಳ ಎರಡು ಹೆಣಿಗೆಗಳ ನಡುವೆ ಒಣ ಎಲೆಗಳನ್ನು ಒತ್ತೊತ್ತಾಗಿ ಸೇರಿಸಿ ಮಾಡಿದ ಈ ಮಳೆಗವಚ ಮೊದಲು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಅದನ್ನು ನಿಂತ ಗೊಂಬೆಗೆ ತೊಡಿಸೋಣವೆಂಬ ಸಲಹೆ ಬಂದಾಗ, ಪಕ್ಕದ ಊರಿನಿಂದ ನೋಡಲು ಬಂದಿದ್ದ ಮೇದರ ಹಿರಿಯಜ್ಜಿಯೊಬ್ಬರು ತಡೆದರು. "ತಂಗಿ, ಇದು ಬಗ್ಗಿ ನಾಟಿ ಹಾಕೋಳ ಬೆನ್ನಿಗೆ ಹೆಣೆದದ್ದು. ನಿಂತವಳಿಗೆ ಹಾಕಿದ್ರೆ ಇದರ ಉಪಯೋಗ ಏನು ಗೊತ್ತಾಗುತ್ತೆ?" ಅಂದರು. ಅವರು ಹೇಳಿದಂತೆಯೇ ಹುಲ್ಲು ತುಂಬಿದ ಗೋಣಿಯಿಂದ ಬಗ್ಗಿದ ಆಕೃತಿ ಮಾಡಿ ಅದರ ಮೇಲೆ ಕೂರಿಸಿದಾಗ, ತಲೆಯಿಂದ ಸೊಂಟದವರೆಗೆ ಗೊರಬು ಒಂದೇ ಇಳಿಜಾರಾಗಿ ಕೂತು, ಎರಡೂ ಕೈಗಳು ಸಸಿ ಊರಲು ಬಿಡುವಾಗಿ ಉಳಿದದ್ದು ಕಣ್ಣಿಗೆ ಕಂಡಿತು. ಕೊಡೆಯಿಂದ ಈ ಕೆಲಸ ಆಗದು. ನಾಟಿಗದ್ದೆಗಳು ತೋಟಗಳಾಗಿಯೋ ಪಾಳು ಬಿದ್ದೋ ಹೋಗಿರುವ ನಮ್ಮ ಕಡೆಯಲ್ಲಿ ಇದನ್ನು ಹೆಣೆಯಬಲ್ಲವರು ಬಹಳ ಕಡಿಮೆ. ಆದ್ದರಿಂದ ಅಜ್ಜಿ ಹೆಣಿಗೆಯ ಒಂದೊಂದು ಹಂತವನ್ನೂ ತೋರಿಸುತ್ತಿರುವುದನ್ನು ವಿಡಿಯೊ ಮಾಡಿ, ಅವರ ಒಪ್ಪಿಗೆ ಪಡೆದೇ ದಾಖಲಾತಿಗೆ ಸೇರಿಸಿದ್ದೇವೆ.

ತೋಟದ ವಿಷಯಕ್ಕೆ ಬಂದರೆ, ಕಾಡಿನಿಂದ ಯಾವ ಗಿಡವನ್ನೂ ಕಿತ್ತು ತರುವುದಿಲ್ಲ ಎಂಬುದು ನಮ್ಮ ನಿಯಮ. ಮಳೆಗೆ ಮುನ್ನ ಕಾಫಿ ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ನಡೆದಾಗ, ಕಡಿದು ಉರುಳಿಸಿದ ಕೊಂಬೆಗಳಲ್ಲಿ ಸೀತಾಳೆದಂಡೆ ಎಂಬ, ಮರದ ಮೇಲೆ ಬೆಳೆಯುವ ಆರ್ಕಿಡ್ ಗಿಡಗಳು ಹೇರಳವಾಗಿರುತ್ತವೆ. ನೆಲದ ಮೇಲೆ ಬಿಟ್ಟರೆ ಅವು ಕೊಳೆತುಹೋಗುತ್ತವೆ. ಮಾಲೀಕರನ್ನು ಕೇಳಿ ಅವುಗಳನ್ನು ತಂದು, ಒರಟು ತೊಗಟೆಯ ಮರಗಳಿಗೆ ತೆಂಗಿನ ನಾರಿನಿಂದ ಕಟ್ಟಿದೆವು. ಇದಕ್ಕೆ ಮಣ್ಣು ಬೇಡ. ಬೇರಿನ ಹೊರಗಿನ ಬಿಳಿಯ ಪದರವೇ ಮಳೆನೀರನ್ನೂ ಹವೆಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರು ತಾಗಿದೊಡನೆ ಆ ಬಿಳುಪು ಹಸಿರಿಗೆ ತಿರುಗುವುದನ್ನು ಮಕ್ಕಳು ಕುತೂಹಲದಿಂದ ನೋಡುತ್ತಾರೆ. ಈಗ ಹಲವು ಗಿಡಗಳಲ್ಲಿ ಹೊಸ ಬೇರಿನ ತುದಿಗಳು ತೊಗಟೆಯನ್ನು ಹಿಡಿದುಕೊಂಡಿವೆ.

ಆಗಸ್ಟಿನಲ್ಲಿ ಕಾಫಿಯ ಸಾಲಿನ ಫಲಕಗಳು ಮುಗಿದವು. ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದರೆಂಬ ಪ್ರತೀತಿ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಒಂದೇ ಸಾಲಿನಲ್ಲಿ ಹೇಳಿ, ಹೆಚ್ಚು ಜಾಗವನ್ನು ತಳಿಗಳಿಗೆ ಕೊಟ್ಟೆ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಮೂಡಿಸುವ ತುಕ್ಕು ರೋಗ ತೋಟಗಳನ್ನು ಹಾಳುಮಾಡುತ್ತಿದ್ದ ಕಾಲದಲ್ಲಿ, ನಮ್ಮ ಸೀಮೆಯ ದೊಡ್ಡೇನಗುಡ್ಡ ತೋಟದಲ್ಲಿ 1911ರ ಸುಮಾರಿಗೆ ಕೆಂಟ್ ಎಂಬ ಬೆಳೆಗಾರ ಆರಿಸಿದ ತಳಿಯೇ ಕೆಂಟ್ಸ್. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಕೊಟ್ಟ ಎಸ್. 795 ತಳಿಗೆ ಒಂದು ಕಡೆಯಿಂದ ಈ ಕೆಂಟ್ಸ್, ಇನ್ನೊಂದು ಕಡೆಯಿಂದ ಲೈಬೀರಿಕಾ ಕಾಫಿಯ ಅಂಶವಿರುವ ಎಸ್. 288 ತಾಯಿತಂದೆಗಳು. ಮೂರನ್ನೂ ಅಕ್ಕಪಕ್ಕ ನೆಟ್ಟಿದ್ದೇವೆ. ಒಳಗಿರುವ ಕೈಪಲ್ಪರಿನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೈಯಂತ್ರದ) ಫಲಕದಲ್ಲಿ ಈ ಸಾಲಿಗೆ ಹೋಗುವ ದಾರಿಯನ್ನೂ ಸೂಚಿಸಿದ್ದೇವೆ.

ಒಬ್ಬ ರೈತರು ತಮ್ಮ ಗದ್ದೆಯ ಬದಿಯ ವೀರಗಲ್ಲನ್ನು ಸಂಗ್ರಹಾಲಯಕ್ಕೆ ಕೊಡಲು ಮುಂದೆ ಬಂದರು. ಅದು ಇದ್ದಲ್ಲಿಯೇ ಇರುವುದು ಮೇಲು ಎಂದು ವಿವರಿಸಿ, ಅಳತೆ ಮತ್ತು ಚಿತ್ರಗಳನ್ನು ಮಾತ್ರ ತೆಗೆದುಕೊಂಡೆವು. ಕಲ್ಲು ತನ್ನ ಜಾಗ ಬಿಟ್ಟರೆ ಅದರ ಅರ್ಧ ಅರ್ಥ ಅಲ್ಲೇ ಉಳಿದುಬಿಡುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು ಸಂಪಾದಿಸಿ 1901ರಲ್ಲಿ ಪ್ರಕಟವಾದ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಕಡೂರು (ಇಂದಿನ ಚಿಕ್ಕಮಗಳೂರು) ಜಿಲ್ಲೆಯ ಸಂಪುಟದೊಂದಿಗೆ ಅದನ್ನು ಹೋಲಿಸಿ ನೋಡುವ ಕೆಲಸ ನಡೆಯುತ್ತಿದೆ.

ಇನ್ನು ಉಳಿದಿರುವುದು ನೇಗಿಲು, ನೊಗಗಳ ಮರ ಗುರುತಿಸುವುದು. ಹೊನ್ನೆ, ನಂದಿ, ಬೀಟೆಗಳ ತುಂಡುಗಳನ್ನು ಮಾದರಿಗೆಂದು ಒಣಗಿಸಿಟ್ಟಿದ್ದೇವೆ. ಅರೇಬಿಕಾ ಕೊಯ್ಲು ಶುರುವಾದರೆ ಸ್ವಯಂಸೇವಕರೆಲ್ಲ ಕಣದ ಕೆಲಸಕ್ಕೆ ಹೋಗುವುದರಿಂದ, ದೀಪಾವಳಿಯೊಳಗೆ ಇದನ್ನು ಮುಗಿಸಬೇಕಾಗಿದೆ. ಹಳೆಯ ಮರಗೆಲಸ ಬಲ್ಲ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ, ದಯವಿಟ್ಟು ಒಂದು ಭಾನುವಾರ ಅವರನ್ನು ಕರೆತನ್ನಿ.