ಪುಕ್ಕಟೆ ಇಟ್ಕೊಂಡು ಬದಲಿಗೆ ಏನ್ ತಗೋತಾರ?

ಮೂರು ತಿಂಗಳು ಜರ್ಮನಿಯ ಒಂದು ಆರ್ಟ್ ರೆಸಿಡೆನ್ಸಿಯಲ್ಲಿದ್ದು (ಕಲಾವಿದರು ಕೆಲವು ಕಾಲ ಬಂದಿದ್ದು ತಮ್ಮ ಕೆಲಸ ಮಾಡಿಕೊಳ್ಳೋ ಜಾಗ) ಧಾರವಾಡಕ್ಕೆ ವಾಪಸ್ ಬಂದಾಗಿನಿಂದ ಒಂದೇ ಪ್ರಶ್ನೆ. 'ಇರಾಕ ಜಾಗಾ ಕೊಡ್ತಾರ, ಕೈಖರ್ಚಿಗೆ ರೊಕ್ಕಾ ಕೊಡ್ತಾರ, ಹಂಗಾರ ನಿನ್ನ ಕಡಿಂದ ಏನ್ ತಗೋತಾರ?' ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಏನೂ ತಗೊಳ್ಳಲ್ಲ. ಮುಗೀತು.

ನಂಬಲ್ಲ ಅಂತ ಗೊತ್ತು. ಹುಬ್ಬಳ್ಳಿಯಲ್ಲಿ ಒಂದು ಮದುವೆ. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಕಾಕಾ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಮೆಲ್ಲಗೆ ಕೇಳಿದರು: 'ಕಿಡ್ನಿ ಎರಡೂ ಅದಾವಲ್ಲವಾ?' ನಾನು ನಕ್ಕೆ. ಅವರು ನಗಲಿಲ್ಲ. ಸುಮ್ನಿರಬೇಕಿತ್ತು. ಜಾಣತನ ತೋರಿಸೋಕೆ ಹೋಗಿ, ಬರ್ಲಿನ್ನಿನಲ್ಲಿ ಕ್ಯೂನ್ಸ್ಟ್‌ಲರ್‌ಹೌಸ್ ಬೆಥಾನಿಯನ್ ಅಂತ ಒಂದಿದೆ, ದೇಶದೇಶದ ಕಲಾವಿದರು ಬಂದು ಇರ್ತಾರೆ, 2010ರ ತನಕ ಅದು ಇದ್ದದ್ದೇ ಒಂದು ಹಳೇ ಆಸ್ಪತ್ರೆ ಕಟ್ಟಡದಲ್ಲಿ ಅಂದುಬಿಟ್ಟೆ. ಕಾಕಾ ತುತ್ತು ಕೈಯಲ್ಲೇ ಹಿಡಿದು, 'ನಾ ಹೇಳ್ಲಿಲ್ಲ?' ಅಂತ ಎದುರಿನ ಸಾಲಿನವರನ್ನು ನೋಡಿದರು.

ಆಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತೆತ್ತಿದೆ. ಪಂಚಾಕ್ಷರಿ ಗವಾಯಿಗಳ ಕಾಲದಿಂದ ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರಲ್ಲ, ಬದಲಿಗೆ ಏನು ತಗೊಂಡ್ರು? 'ಅದು ಬ್ಯಾರೆ ಬಿಡು' ಅಂದರು. ಬೇರೆ ಹೌದು. ಆಶ್ರಮದಲ್ಲಿ ಕಲಿಸ್ತಾರೆ, ರೆಸಿಡೆನ್ಸಿಯಲ್ಲಿ ಯಾರೂ ಏನೂ ಕಲಿಸಲ್ಲ. ಒಂದು ಕೋಣೆ, ಉದ್ದನೆಯ ಟೇಬಲ್ಲು, ಕೀಲಿಕೈ. ಆಗಾಗ ಒಬ್ಬ ಕ್ಯುರೇಟರ್, ಅಂದ್ರೆ ಕಲಾಪ್ರದರ್ಶನ ರೂಪಿಸುವವರು, ಬಂದು ನೋಡಿ, ಎರಡು ಮಾತಾಡಿ, ಕಾಫಿ ಕುಡಿದು ಹೋಗ್ತಾರೆ. ಕೊನೆಗೊಂದು ದಿನ ಬಾಗಿಲು ತೆಗೆದಿಟ್ಟು ಮಾಡಿದ್ದನ್ನು ಆ ಊರಿನವರಿಗೆ ತೋರಿಸಬೇಕು. ಎಲ್ಲ ಕಡೆ ರೊಕ್ಕ ಕೊಡ್ತಾರೆ ಅಂತಲೂ ಇಲ್ಲ. ಕೆಲವು ಕಡೆ ನಾವೇ ಬಾಡಿಗೆ ಕಟ್ಟಬೇಕು, ವಿಮಾನದ ಟಿಕೆಟ್ಟೂ ನಮ್ಮದೇ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರೋ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಬೇರೆ ಕೊಡಬೇಕು, ನನ್ನದನ್ನು ನೋಡಿ ನನಗೇ ನಾಚಿಕೆ ಆಯಿತು.

ಸಿಟ್ಟು ಬರೋದು ಆ 'ಪುಕ್ಕಟೆ' ಅನ್ನೋ ಮಾತಿಗೆ. ಪುಕ್ಕಟೆ ಕೂತಿರಲಿಲ್ಲರೀ, ಮೂರು ತಿಂಗಳು ಕೌದಿ ಹೊಲಿದೆ. ಅವ್ವನ ಹರಿದ ಇಳಕಲ್ ಸೀರೆ ಇಲ್ಲಿಂದ ಒಯ್ದಿದ್ದೆ, ಅಲ್ಲಿಯ ಸಂತೆಯಲ್ಲಿ ಯಾರದೋ ಹಳೇ ಹಾಸಿಗೆ ಬಟ್ಟೆಗಳು ಸಿಕ್ಕವು, ಎರಡನ್ನೂ ತುಂಡು ತುಂಡು ಮಾಡಿ ಸಾಲು ಸಾಲಾಗಿ ಕೈಯಲ್ಲೇ ಹೊಲಿದು ಬೆರಳ ತುದಿ ತೂತು ಬಿದ್ದಿತ್ತು. ಕಿಡ್ನಿ ಕೇಳಿದವರಿದ್ದಾರೆ, ಸಂಬಳ ಎಷ್ಟು ಅಂದವರಿದ್ದಾರೆ, ಅಷ್ಟು ದಿನ ಗಂಡ ಊಟಕ್ಕೇನು ಮಾಡಿದ ಅಂತ ಮರುಗಿದವರಂತೂ ಜಾಸ್ತಿ (ಅನ್ನ ಮಾಡಿಕೊಂಡ, ಮತ್ತೇನು). ಏನು ಮಾಡಿಕೊಂಡು ಬಂದಿ, ತೋರಿಸು ಅಂದವರು ಯಾರು?

ಒಬ್ಬರಿದ್ದಾರೆ. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಆಯಿ. ಮೊದಲು ಅವರೂ ನಕ್ಕರು, 'ಕೌದಿ ಹೊಲಿಯಾಕ ಅಷ್ಟು ದೂರ ಹೋಗಬೇಕಿತ್ತೇನ?' ಅಂತ. ಆಮೇಲೆ ಕಟ್ಟೆಯ ಮೇಲೆ ಹಾಸಿ, ತಿರುವಿ ಹಾಕಿ, ಹಿಂದಿನ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುತ್ತಾ ಹೋದರು. ಒಂದು ಮೂಲೆಯಲ್ಲಿ ಬೆರಳು ನಿಂತಿತು.

'ಇಲ್ಲಿ ತಳದ ಬಟ್ಟಿ ಜಗ್ಗೈತಿ. ಯಾಕ ಅವಸರ ಮಾಡಿದಿ?'

'ವೀಸಾ ಮುಗಿಯಾಕ ಬಂದಿತ್ತು, ಆಯಿ.'

'ಈಗ ಮುಗಿದೈತಲ್ಲ, ಬಿಚ್ಚು' ಅಂದರು.