ಅಮಾಬಿಯೆ ನೋಡಿದಾಗ ಜೋಕುಮಾರ ನೆನಪಾದ

ಹುಬ್ಬಳ್ಳಿಯಲ್ಲಿ ಗ್ರಾಫಿಕ್ ಡಿಸೈನ್ ಮಾಡುವ ನನಗೆ ಜಪಾನಿನ ಯೋಕೈಗಳ ಹುಚ್ಚು ಹತ್ತಿ ಸುಮಾರು ವರ್ಷ ಆಯ್ತು. ಯೋಕೈ ಅಂದರೆ ಅಲ್ಲಿನ ಜನಪದ ಕಥೆಗಳ ದೆವ್ವ, ಭೂತ, ವಿಚಿತ್ರ ಜೀವಿಗಳು. 1776ರಲ್ಲಿ ತೊರಿಯಾಮ ಸೆಕಿಎನ್ ಎಂಬ ಕಲಾವಿದ ಇವುಗಳ ಚಿತ್ರ ಬರೆದು ಪುಸ್ತಕ ಮಾಡಿದ. ಪೊಕೆಮಾನ್‌ನ ಒಂಬತ್ತು ಬಾಲದ ನರಿ ನೆನಪಿದೆ ಅಲ್ವಾ? ಅದೂ ಹಳೇ ಕಥೆಗಳ ಕಿತ್ಸುನೆ ಎಂಬ ಮಾಯಾ ನರಿಯಿಂದಲೇ ಬಂದದ್ದು.

ನನಗೆ ಜಾಸ್ತಿ ಇಷ್ಟ ಅಮಾಬಿಯೆ. ಉದ್ದ ಕೂದಲು, ಹಕ್ಕಿಯ ಕೊಕ್ಕು, ಮೀನಿನಂಥ ಮೈ, ಮೂರು ಕಾಲು. ರೋಗ ಹಬ್ಬಿದರೆ ನನ್ನ ಚಿತ್ರ ಬರೆದು ಜನರಿಗೆ ತೋರಿಸಿ ಅಂತ ಅದು ಹೇಳಿತೆಂದು 1846ರ ಒಂದು ಅಚ್ಚಿನ ಹಾಳೆಯಲ್ಲಿದೆ. 2020ರಲ್ಲಿ ಕೊರೊನಾ ಬಂದಾಗ ಜನ ನಿಜವಾಗಿಯೂ ಬರೆದರು, ಬರೆದು ಒಬ್ಬರಿಗೊಬ್ಬರು ಕಳಿಸಿದರು, ಕೊನೆಗೆ ಜಪಾನಿನ ಆರೋಗ್ಯ ಸಚಿವಾಲಯವೇ ಅದನ್ನು ಪೋಸ್ಟರಿಗೆ ಹಾಕಿತು!

ಅದನ್ನು ನೋಡಿದಾಗಲೇ ನಮ್ಮ ಜೋಕುಮಾರ ನೆನಪಾದ. ಗಣಪ್ಪನ ಹಬ್ಬ ಆದ ಮೇಲೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು, ಹಾಡು ಕೇಳುತ್ತಾ ಮನೆಮನೆಗೆ ಬರುವ ಮಣ್ಣಿನ ಜೋಕುಮಾರ. ಮಳೆ ತರುವವನು. ಆ ಅಗಲ ಕಣ್ಣು, ಎಂಥ ಚಂದದ ಕ್ಯಾರೆಕ್ಟರ್! ಈ ವರ್ಷ ಅವನ ಸ್ಟಿಕರ್ ಮಾಡುತ್ತಿದ್ದೇನೆ. ಮೊದಲ ಸ್ಕೆಚ್ ನೋಡಿ ನಮ್ಮವ್ವ, "ಬಾಯಿಗೆ ಬೆಣ್ಣಿ ಎಲ್ಲೈತಿ?" ಅಂದಳು. ಕೂಡಲೇ ಹಚ್ಚಿದೆ.